ಅಪ್ಪನ ತಲೆಯೊಳಗಿನ ಹೋಟೆಲು

ಅಪ್ಪ ನವಿ ಮುಂಬಯಿಯ ಐರೋಲಿಯಲ್ಲಿ ಮೂವತ್ತು ವರ್ಷ ಹೋಟೆಲು ನಡೆಸಿದವರು. ಅಲ್ಲಿ ನಾವು ಮಕ್ಕಳು ಒಮ್ಮೆಯೂ ಟೇಬಲಿಗೆ ಕೂತವರಲ್ಲ. ಟೇಬಲು ಗಿರಾಕಿಗೆ; ಮನೆಯವರು ಅಡುಗೆಮನೆಯಲ್ಲಿ ನಿಂತು ತಿನ್ನಬೇಕು.

ಅಲ್ಝೈಮರ್ಸ್ ಬಂದ ಮೇಲೆ ನೆರೂಳಿನ ನನ್ನ ಫ್ಲಾಟಿನಲ್ಲಿದ್ದರು. ನರಗಳ ಡಾಕ್ಟರು ಮಾತ್ರೆ ಕೊಟ್ಟಿದ್ದರು, ನನ್ನ ಗುರುತು ಇತ್ತು. ಆದರೆ ಸೋಫಾದ ಮೇಲೆ ಮೂತ್ರ ಹೋಗತೊಡಗಿತು. ಮೂತ್ರರೋಗದ ಇನ್ನೊಬ್ಬ ಡಾಕ್ಟರಲ್ಲಿಗೆ ಕರೆದೊಯ್ದೆ. ಅವರದೂ ಒಂದು ಮಾತ್ರೆ. ಸೋಫಾ ಒಣಗಿತು, ಅಪ್ಪನ ಹೋಟೆಲು ಮನೆಯಲ್ಲೇ ಮತ್ತೆ ತೆರೆಯಿತು.

ಮಹಾಪೆಯ ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿ ನಾನು ತಿಂಡಿಗೆ ಕೂತರೆ, ಹೆಗಲಿಗೆ ಟವೆಲು ಹಾಕಿಕೊಂಡು ಅಪ್ಪ ಹಾಜರು.

"ಎಂತ ಬೇಕು ಮೇಡಂ? ಇಡ್ಲಿ ಉಂಟು. ವಡೆ ಖಾಲಿ."

ಹೆತ್ತ ಮಗಳಿಗೆ ಮೇಡಂ! "ಅಪ್ಪಾ, ನಾನು ನಿಮ್ಮ ಮಗಳು" ಎಂದು ಕಿರುಚಿದೆ.

"ಹೌದಾ? ಭಾರೀ ಸಂತೋಷ. ಕಾಫಿಯಾ, ಚಹಾವಾ?"

ಕೊನೆಗೆ ಸೋತು ದಿನಾ ಆರ್ಡರ್ ಕೊಡತೊಡಗಿದೆ. ರೋಗ ಬೆಳೆಯಿತು, ಅಪ್ಪ ಕೈಬಿಟ್ಟು ಹೋದರು ಅಂದುಕೊಂಡೆ. ಎರಡೂ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ.

ಮೆಡಿಕಲ್ ಸ್ಟೋರಿನಲ್ಲಿ ಹುಬ್ಬಳ್ಳಿ ಕಡೆಯ ಒಬ್ಬಾಕೆ ಇದ್ದಾಳೆ. ಒಂದು ದಿನ ಚೀಟಿಗಳೆರಡನ್ನೂ ಮೊದಲ ಸಲ ಒಟ್ಟಿಗೆ ನೋಡಿ ಕಣ್ಣರಳಿಸಿದಳು.

"ಅಕ್ಕಾರ, ಈ ಎರಡೂ ಗುಳಿಗಿ ಒಬ್ಬರಿಗೇ ಕೊಡಾಕತ್ತೀರೇನ್ರಿ?"

ಹೌದು ಅಂದೆ. ಆಕೆಗೆ ನಮ್ಮ ಹೋಟೆಲಿನ ಕತೆ ಗೊತ್ತು.

"ತಲ್ಯಾಗ ಅಸಿಟೈಲ್‌ಕೋಲಿನ್ ಅಂತ ಇರತೈತ್ರಿ, ನೆನಪಿಗೆ ಬೇಕಾದ್ದು. ಈ ರೋಗದಾಗ ಅದು ಕಡಿಮಿ ಆಗತೈತಿ. ಅದನ್ನ ಟೇಬಲ್‌ಗೆ ಬರೋ ಪ್ಲೇಟು ಅಂತ ತಿಳೀರಿ. ಮೊದಲ್ನೇ ಗುಳಿಗಿ, ಕ್ಲೀನರ್ ಲಗೂನ ಪ್ಲೇಟ್ ಎತ್ತದಂಗ ತಡೀತೈತಿ. ಎರಡನೇದು ಗಿರಾಕಿ ಕುರ್ಚಿ ಮ್ಯಾಲ ತಾನೇ ಕುಂತುಬಿಡತೈತಿ, ಪ್ಲೇಟ್ ಬಂದ್ರೂ ತಿನ್ನೋ ಗಿರಾಕಿಗೆ ಜಾಗಾನ ಇಲ್ಲ! ಮತ್ತ ಆ ಮೂತ್ರದ ತ್ರಾಸಾನೂ ಮೊದಲ್ನೇದರಿಂದನ ಬಂದಿರಬಹುದು. ಡಾಕ್ಟರಿಗೆ ಕೇಳ್ರಿ."

ಒಂದೇ ಹೊಟ್ಟೆಗೆ ನೆನಪು ಉಳಿಸುವ ಮಾತ್ರೆಯನ್ನೂ ಅದನ್ನು ಕೆಡಿಸುವ ಮಾತ್ರೆಯನ್ನೂ ಅಲಾರಂ ಇಟ್ಟು ಕೊಟ್ಟಿದ್ದೆ. ಎರಡು ಆಸ್ಪತ್ರೆಗೆ ಎರಡು ಫೈಲು ಮಾಡಿ, ಒಂದನ್ನು ಇನ್ನೊಂದಕ್ಕೆ ತೋರಿಸದೆ ನೀಟಾಗಿ ಇಟ್ಟವಳೂ ನಾನೇ. ನನ್ನ ಶಿಸ್ತಿಗಿಷ್ಟು ಬೆಂಕಿ ಹಾಕ!

ಡಾಕ್ಟರುಗಳಿಬ್ಬರೂ ಮಾತಾಡಿಕೊಂಡು ಎರಡನೆಯದನ್ನು ನಿಲ್ಲಿಸಿದರು. ಸೋಫಾ ಮತ್ತೆ ಒದ್ದೆಯಾಯಿತು. ಒರೆಸಿದೆ, ಕಾದೆ. ಅಪ್ಪ ಮಾತ್ರ "ವಡೆ ಖಾಲಿ" ಅನ್ನುತ್ತಲೇ ಇದ್ದರು.

ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಎಂದಿನಂತೆ ಕೂತು, "ಎರಡು ಇಡ್ಲಿ, ಒಂದು ಚಹಾ" ಅಂದೆ. ಅಪ್ಪ ಕೆಕ್ಕರಿಸಿ ನೋಡಿದರು.

"ಮನೆಯವರು ಟೇಬಲಲ್ಲಿ ಕೂತು ಆರ್ಡರ್ ಕೊಡುದಾ? ನಾಚಿಕೆ ಆಗುದಿಲ್ವಾ ನಿಂಗೆ? ಏಳು, ಒಳಗೆ ಹೋಗಿ ತಿನ್ನು!"

ಓಡಿದೆ. ಸಿಂಕಿನ ಪಕ್ಕ ನಿಂತು, ಅಳುತ್ತಾ, ನಾಲ್ಕು ಇಡ್ಲಿ ತಿಂದೆ.