ನೆರೈದಾಳ ಬೆನ್ನ ಮೇಲಿನ ತಾಳ

ಕ್ರಿಸಾಂತೋ ಕಲ್ಕಾನ್ಯೋ ಜೀವಮಾನದಲ್ಲಿ ಬಾರಿಸಿದ್ದು ಎರಡೇ. ಒಂದು, ರಮ್ಮಿನ ಹಳೆಯ ಪೀಪಾಯಿಗೆ ಆಡಿನ ಚರ್ಮ ಬಿಗಿದು ಮಾಡಿದ ಡೋಲು. ಇನ್ನೊಂದು, ಮಗಳು ನೆರೈದಾಳ ಬೆನ್ನು.

ಡೋಲಿನ ಸಂಗತಿ ದ್ವೀಪದ ಕಡಲಂಚಿನ ಲೊಯಿಸಾ ಊರಿಗೆಲ್ಲ ಗೊತ್ತು. ಬೊಂಬಾ ಕುಣಿತಕ್ಕೆ ಅವನು ಕೂತನೆಂದರೆ ಮೀನಿನ ಬಲೆ ಹೆಣೆಯುತ್ತಿದ್ದವರೂ ಎದ್ದು ಬರುತ್ತಿದ್ದರು. ನಲವತ್ತು ವರ್ಷದಿಂದ ಶಿಷ್ಯರಿಗೆ ಅವನು ಹೇಳಿಕೊಟ್ಟದ್ದು ಒಂದೇ ಪಾಠ: "ನಿನ್ನ ಕೈ ಏನ್ ನೋಡ್ತೀಯೋ ಮಂಕೇ, ಅವಳ ಲಂಗ ನೋಡು. ಲಂಗ ಹೇಳಿದ್ದಕ್ಕೆ ಡೋಲು ಉತ್ತರ ಕೊಡ್ಬೇಕು." ಬೊಂಬಾದಲ್ಲಿ ಕುಣಿಯುವವಳೇ ಯಜಮಾನಿ. ಬಾರಿಸುವವನು ಅವಳ ಹಿಂದೆ ಹೋಗಬೇಕು.

ಬೆನ್ನಿನ ಸಂಗತಿ ಮನೆಯವರಿಗೆ ಮಾತ್ರ ಗೊತ್ತಿತ್ತು. ನೆರೈದಾ ಹುಟ್ಟಿದ ಗಳಿಗೆಯಿಂದಲೇ ಉಸಿರಿಗೆ ಒದ್ದಾಡಿದವಳು. ಹನ್ನೆರಡು ದಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿದ್ದು ಮನೆಗೆ ಬಂದಳು, ಜೊತೆಗೆ ಕೆಮ್ಮೂ ಬಂತು. ಒಬ್ಬ ಡಾಕ್ಟರು ನ್ಯುಮೋನಿಯಾ ಅಂದರು, ಇನ್ನೊಬ್ಬರು ಆಸ್ತಮಾ ಅಂದರು. ಕಡೆಗೆ ಒಬ್ಬ ಮುದುಕಿ ನರ್ಸು ಬೇಸತ್ತು, "ಹೆಸರು ಏನಾದ್ರೂ ಇರ್ಲಿ, ಕಫ ತಾನಾಗೇ ಮೇಲೆ ಬರ್ತಿಲ್ಲ. ಬಾರಿಸೋದು ನಿಂಗೆ ಗೊತ್ತಲ್ಲ, ಬಾರಿಸು" ಅಂದಳು. ಅಂಗೈಯನ್ನು ಬಟ್ಟಲಿನಂತೆ ಬಾಗಿಸಿ ಪಕ್ಕೆಲುಬುಗಳ ಮೇಲೆ ತಟ್ಟುವುದನ್ನು ತೋರಿಸಿಕೊಟ್ಟಳು.

ಅಂದಿನಿಂದ ಇಪ್ಪತ್ತಾರು ವರ್ಷ, ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಗಳು ದಿಂಬುಗಳ ಮೇಲೆ ಬೋರಲು ಮಲಗಿ ತಲೆ ಕೆಳಗೆ ಹಾಕುವಳು, ಅಪ್ಪ ಬಾರಿಸುವನು. ಬರೀ ತಟ್ಟಿದರೆ ಅವನಿಗೆ ಸಮಾಧಾನವೆಲ್ಲಿ? ಬೆಳಗ್ಗೆ ನಡಿಗೆಯ ತಾಳ, ಸಂಜೆ ಓಟದ ತಾಳ. ಕಿಟಕಿಯ ಪರದೆ ಕಡಲಗಾಳಿಗೆ ಉಬ್ಬಿ ಇಳಿಯುತ್ತಿತ್ತು. ಬಾರಿಸುತ್ತ ಬಾರಿಸುತ್ತ ಅವನ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಅಲೆಯ ಸದ್ದು ಹೊರಗಿನಿಂದ ಬರುತ್ತಿದೆಯೋ ಮಗಳ ಬೆನ್ನಿನೊಳಗಿಂದ ಬರುತ್ತಿದೆಯೋ ತಿಳಿಯುತ್ತಿರಲಿಲ್ಲ. ಅವಳು ಕೆಮ್ಮಿ ಡಬ್ಬಿಗೆ ಉಗುಳಿ ಉಸಿರೆಳೆದುಕೊಂಡಾಗ ಇಬ್ಬರೂ ಎಚ್ಚರಾಗುತ್ತಿದ್ದರು.

ಈ ಕೆಮ್ಮು ಯಾರ ಕಡೆಯದು ಎಂಬುದಕ್ಕೆ ಮನೆಯಲ್ಲಿ ಮುಗಿಯದ ಜಗಳ. "ನಿಮ್ಮ ಸೋದರಮಾವ ಚರ್ಚಲ್ಲಿ ಪಾದ್ರಿಗಿಂತ ಜೋರಾಗಿ ಕೆಮ್ತಿದ್ದ" ಅಂತ ಕ್ರಿಸಾಂತೋ. "ನಿಮ್ಮ ಸೋದರತ್ತೆ ಸತ್ತಿದ್ದು ಏನ್ ಹಾಡು ಹೇಳ್ಕೊಂಡಾ?" ಅಂತ ಹೆಂಡತಿ ಎರ್ನೆಸ್ತಿನಾ.

ಅದನ್ನು ಬಗೆಹರಿಸಿದ್ದು ಎರಡು ವರ್ಷದ ಹಿಂದೆ ರಾಜಧಾನಿಯ ಒಬ್ಬ ಡಾಕ್ಟರಮ್ಮ. ನೆರೈದಾಳ ರಕ್ತದ ವರದಿ ಹಿಡಿದು ಅವಳು ನಿಧಾನವಾಗಿ ಹೇಳಿದಳು: "ಉಸಿರಿನ ಕೊಳವೆಯ ಒಳಗೋಡೆಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇರ್ತವೆ. ಎಲ್ಲ ಸೇರಿ ಒಂದೇ ಕಡೆಗೆ ಬೀಸಿ ಕಫವನ್ನ ಮೇಲಕ್ಕೆ ಸಾಗಿಸ್ತವೆ. ಇವಳಲ್ಲಿ ಅವು ನಿಂತಲ್ಲೇ ಗಿರಗಿರ ತಿರುಗ್ತವೆ. ಕಫ ಅಲ್ಲೇ ಉಳಿಯುತ್ತೆ."

"ಯಾಕೆ?"

"ಆ ಕೂದಲನ್ನ ಹೇಗೆ ಕಟ್ಬೇಕು ಅನ್ನೋದು ಒಂದು ಜೀನ್‌ನಲ್ಲಿ ಬರೆದಿದೆ. ಮೈ ಅದನ್ನ ನಕಲು ಮಾಡ್ಕೊಂಡು, ಬೇಡದ್ದನ್ನ ಕತ್ತರಿಸಿ, ಬೇಕಾದ್ದನ್ನ ಜೋಡಿಸಿ ಓದುತ್ತೆ. ಎಲ್ಲಿ ಕತ್ತರಿಸ್ಬೇಕು ಅನ್ನೋದಕ್ಕೆ ಗುರುತು ಇರುತ್ತೆ. ಇವಳಲ್ಲಿ ಆ ಗುರುತಿನ ನಾಲ್ಕು ಅಕ್ಷರ ಬಿದ್ದುಹೋಗಿವೆ."

ಕ್ರಿಸಾಂತೋ ತಲೆದೂಗಿದ. "ಹಾಡೇನೋ ಇದೆ. ಎಲ್ಲಿ ನಿಲ್ಲಿಸ್ಬೇಕು ಅನ್ನೋ ಸನ್ನೆ ಇಲ್ಲ."

"ಸರಿಯಾಗಿ ಹೇಳಿದ್ರಿ. ನಮ್ಮ ದ್ವೀಪದಲ್ಲಿ ಎಷ್ಟೋ ಮನೆಗಳಲ್ಲಿ ಇದೇ ನಾಲ್ಕು ಅಕ್ಷರ ಬಿದ್ದಿವೆ, ಎಂದೋ ಇದ್ದ ಒಬ್ಬ ಪೂರ್ವಜನಿಂದ ಬಂದಿದ್ದು. ಒಂದು ಕಡೆಯಿಂದ ಬಂದ್ರೆ ಏನೂ ಆಗಲ್ಲ. ಇವಳಿಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬಂದಿದೆ. ವಾಸಿ ಮಾಡೋ ಔಷಧ ಇನ್ನೂ ಇಲ್ಲ. ಬಾರಿಸೋದು ಮಾತ್ರ ಬಿಡ್ಬೇಡಿ. ಬಿಟ್ರೆ ಶ್ವಾಸಕೋಶ ಸ್ವಲ್ಪಸ್ವಲ್ಪವಾಗಿ ಹಾಳಾಗುತ್ತೆ."

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಎರ್ನೆಸ್ತಿನಾ, "ಅಂತೂ ಮೂವತ್ತು ವರ್ಷಕ್ಕೆ ನಮ್ಮಿಬ್ಬರಿಗೂ ಒಂದು ವಿಷಯದಲ್ಲಾದ್ರೂ ಹೊಂದಾಣಿಕೆ ಆಯ್ತು ನೋಡು" ಅಂದಳು. ನಕ್ಕಳು, ಆಮೇಲೆ ಅತ್ತಳು. ಅವತ್ತಿನಿಂದ ಆ ಕೂದಲುಗಳು ಕ್ರಿಸಾಂತೋನ ಕನಸಿಗೆ ಬರತೊಡಗಿದವು. ನೀರಿನಡಿಯ ಬಯಲಲ್ಲಿ ಬಿಳಿ ಲಂಗದ ಸಾವಿರಾರು ಹೆಂಗಸರು ನಿಂತಲ್ಲೇ ತಿರುಗುತ್ತಿದ್ದರು, ಒಬ್ಬರೂ ಒಂದು ಹೆಜ್ಜೆ ಮುಂದೆ ಬರುತ್ತಿರಲಿಲ್ಲ. ಇವನು ದಂಡೆಯಲ್ಲಿ ಕೂತು ಬಾರಿಸುತ್ತಲೇ ಇರುತ್ತಿದ್ದ.

ಕಳೆದ ವರ್ಷ ಅವನ ಬಲಗೈಯ ಮಣಿಕಟ್ಟು ಊದಿಕೊಂಡಿತು. ಸಂಧಿವಾತ. ಅದೇ ಹೊತ್ತಿಗೆ ನೆರೈದಾ ಅನಿಬಾಲ್ ಎಂಬವನನ್ನು ಕರೆತಂದು, ಮದುವೆಯಾಗಿ ಅವನೂರು ಫಹಾರ್ದೋಗೆ ಹೋಗುತ್ತೇನೆ ಅಂದಳು. ಅನಿಬಾಲ್ ಫ್ರಿಜ್ ರಿಪೇರಿಯವನು. ಸಾಧು, ಕುಡಿಯುವುದಿಲ್ಲ, ಅವಳೆಂದರೆ ಪ್ರಾಣ. ಆದರೆ ಅಂಗಳದ ಬೊಂಬಾದಲ್ಲಿ ಅವನು ಚಪ್ಪಾಳೆ ತಟ್ಟಿದಾಗ ಕೋಳಿಗಳು ಕೂಡ ತಲೆ ಎತ್ತಿ ನೋಡಿದವು.

"ತಾಳ ಗೊತ್ತಿಲ್ಲದವನ ಕೈಗೆ ನನ್ನ ಮಗಳ ಉಸಿರು ಕೊಡಲ್ಲ" ಅಂದುಬಿಟ್ಟ ಕ್ರಿಸಾಂತೋ. "ಒಂದೇ ಒಂದು ತಾಳ ಕಲೀಲಿ. ಆಮೇಲೆ ಮದುವೆ ಮಾತು."

ಮೂರು ತಿಂಗಳು ಬಾದಾಮಿ ಮರದ ಕೆಳಗೆ ಪಾಠ ನಡೆಯಿತು. ಅನಿಬಾಲ್ ಬೆವರು ಸುರಿಸಿ ಬಾರಿಸಿದ. ಏಡಿಯ ಹೂರಣ ತುಂಬಿದ ಅಲ್ಕಪುರಿಯಾ ಕರಿಯುತ್ತಿದ್ದ ಎರ್ನೆಸ್ತಿನಾ ಬಾಣಲೆಯ ಮುಂದಿನಿಂದಲೇ, "ಅಯ್ಯೋ, ಯಾರೋ ಮೆಟ್ಟಿಲಿಂದ ಬಿದ್ದಂಗಾಯ್ತಲ್ಲ!" ಅನ್ನುತ್ತಿದ್ದಳು. ಒಂದು ದಿನ ಅನಿಬಾಲ್ ಚೀಟಿಯೊಂದನ್ನು ಮುಂದಿಟ್ಟ. "ದೋನ್ ಕ್ರಿಸಾಂತೋ, ನಾನೂ ಹೋಗಿ ರಕ್ತ ಕೊಟ್ಟು ಬಂದೆ. ನನ್ನಲ್ಲಿ ಆ ನಾಲ್ಕು ಅಕ್ಷರ ನೆಟ್ಟಗಿವೆಯಂತೆ. ನಮಗೆ ಮಗು ಆದ್ರೆ ಅದಕ್ಕೆ ಈ ಕಷ್ಟ ಬರಲ್ಲ."

"ಅಕ್ಷರ ಇದೆಯಪ್ಪ. ತಾಳ ಎಲ್ಲಿ?"

ಪಾಪ, ಹುಡುಗ ಚೀಟಿ ಮಡಚಿ ಜೇಬಿಗಿಟ್ಟುಕೊಂಡ. ಮುದುಕನಿಗೂ ಹಾಗಂದದ್ದಕ್ಕೆ ಕಸಿವಿಸಿಯಾಯಿತು, ಆದರೆ ಹೆದರಿದ ಮನುಷ್ಯ ಹಟ ಬಿಡುವುದು ಕಷ್ಟ.

ಒಂದು ಬೆಳಗ್ಗೆ ಅವನ ಮಣಿಕಟ್ಟು ಬಾಗಲೇ ಇಲ್ಲ. ಕಾಫಿಯ ಲೋಟ ಕೈಜಾರಿ ಬಿತ್ತು. ಒಳಗೆ ನೆರೈದಾ ದಿಂಬುಗಳ ಮೇಲೆ ಮಲಗಿ ಕಾಯುತ್ತಿದ್ದಳು, ಎದೆ ಗೊರಗೊರ ಅನ್ನುತ್ತಿತ್ತು. ಮನೆಯ ಫ್ರಿಜ್ ಸರಿಮಾಡಲು ಬಂದಿದ್ದ ಅನಿಬಾಲ್‌ನನ್ನು ಎರ್ನೆಸ್ತಿನಾ ರಟ್ಟೆ ಹಿಡಿದು ಒಳಗೆ ತಳ್ಳಿದಳು. ಗಂಡನಿಗೆ, "ನೀನು ಹೊಸ್ತಿಲ ಮೇಲೆ ಕೂತ್ಕೋ ಮಾರಾಯ, ಉಸಿರೆತ್ತಬೇಡ" ಅಂದಳು.

ಹಲಗೆಯ ಗೋಡೆಗೆ ಒರಗಿ ಅವನು ಕೇಳಿಸಿಕೊಂಡ. ಮೂರು ಪೆಟ್ಟು. ನಿಂತಿತು.

"ಇಲ್ಲೇನಾ?"

"ಸ್ವಲ್ಪ ಕೆಳಗೆ."

ಐದು ಪೆಟ್ಟು, ಒಂದಕ್ಕೊಂದು ಸಂಬಂಧವಿಲ್ಲ. ಕ್ರಿಸಾಂತೋ ಕಣ್ಣು ಮುಚ್ಚಿ ಹಲ್ಲು ಕಚ್ಚಿದ. ಮತ್ತೆ ನಿಂತಿತು.

"ನೋವಾಯ್ತಾ?"

"ಇಲ್ಲ. ಎಡಗಡೆ ಇನ್ನೂ ಕೆಳಗೆ. ಹಾಂ, ಅಲ್ಲೇ, ಅಲ್ಲೇ."

ಎರಡು ಪೆಟ್ಟು. ಏಳು. ಒಂದು. ಆಮೇಲೆ ಬಂದ ಕೆಮ್ಮು ಎಲ್ಲೋ ಆಳದಿಂದ ಬಂತು, ಇಪ್ಪತ್ತಾರು ವರ್ಷದಲ್ಲಿ ಅವನು ಕೇಳಿರದ ಕೆಮ್ಮು. ಡಬ್ಬಿಯ ಸದ್ದಾಯಿತು. ಅದರ ಹಿಂದೆ ಒಂದು ಉದ್ದನೆಯ, ತಿಳಿಯಾದ ಉಸಿರು.

"ಅಬ್ಬಾ! ಆ ಮೂಲೇಲಿ ಯಾವಾಗ್ಲೂ ಸ್ವಲ್ಪ ಉಳ್ಕೊಂಡೇ ಇರ್ತಿತ್ತು" ಎಂದಳು ನೆರೈದಾ.

"ಅಪ್ಪನಿಗೆ ಹೇಳಿರ್ಲಿಲ್ವಾ?"

"ಹೇಗೆ ಹೇಳೋದು? ಅಷ್ಟು ಚೆನ್ನಾಗಿ ಬಾರಿಸ್ತಿರ್ತಾನೆ. ಮಧ್ಯದಲ್ಲಿ ನಿಲ್ಸೋಕೆ ಮನಸ್ಸು ಬರಲ್ಲ."

ಹೊಸ್ತಿಲ ಮೇಲೆ ಕೂತವನಿಗೆ ಕಡಲಿನ ಸದ್ದು ಇದ್ದಕ್ಕಿದ್ದಂತೆ ದೂರವಾದಂತಾಯಿತು. ಲಂಗ ನೋಡು, ಲಂಗ ನೋಡು ಅಂತ ಊರಿಗೆಲ್ಲ ಹೇಳಿದವನು ತಾನು. ಮಗಳ ಬೆನ್ನ ಮೇಲೆ ಕಣ್ಣು ಮುಚ್ಚಿಕೊಂಡು ತನ್ನ ತಾಳ ತಾನು ಬಾರಿಸಿದವನೂ ತಾನೇ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

ಎದ್ದು ಒಳಗೆ ಹೋದ. ಅನಿಬಾಲ್ ಬೈಗುಳಕ್ಕೆ ಸಿದ್ಧನಾಗಿ ಕೈ ಹಿಂದಕ್ಕೆ ಎಳೆದುಕೊಂಡ.

"ನಿನಗೆ ಕಲಿಸೋದು ಇನ್ನೇನೂ ಉಳಿದಿಲ್ಲ ಕಣಯ್ಯ. ಮದುವೆ ದಿನ ಗೊತ್ತು ಮಾಡ್ಕೊಳ್ಳಿ. ಈಗ ಸ್ವಲ್ಪ ಜರುಗು, ನನಗೂ ಜಾಗ ಬಿಡು" ಅಂದ ಕ್ರಿಸಾಂತೋ.

ಮಂಚದ ಅಂಚಿನಲ್ಲಿ ಕೂತು, ಊದಿದ ಕೈಯನ್ನು ಮಗಳ ಬೆನ್ನ ಮೇಲಿಟ್ಟ. ಬಾರಿಸಲಿಲ್ಲ.

"ಎಲ್ಲಿ, ಮಗಳೇ?" ಎಂದು ಕೇಳಿದ.

ನೆರೈದಾ ತಲೆ ಎತ್ತಲಿಲ್ಲ. ಕೈ ಹಿಂದಕ್ಕೆ ಚಾಚಿ ಅಪ್ಪನ ಅಂಗೈ ಹಿಡಿದು, ಎಡಗಡೆ, ಕೆಳಗೆ, ಕೊನೆಯ ಪಕ್ಕೆಲುಬಿನ ಹತ್ತಿರಕ್ಕೆ ತಂದಿಟ್ಟಳು.