ನಿಂಗವ್ವನನ್ನು ಪಾರಿಶ್ವಾಡಕ್ಕೆ ಕೂರಿಸಿಕೊಂಡು ಹೋದದ್ದು

ಬೆಳಗಾವಿಗೆ ಬಂದ ಮೊದಲ ವಾರ ಖಾಸಬಾಗದ ಓಣಿಯಲ್ಲಿ ನಾನೊಬ್ಬ ಹಿರಿಯರಿಗೆ ಕೈಮುಗಿದೆ. ಹೂವಿನಿಂದ ಅಲಂಕರಿಸಿದ ಗಾಡಿಯಲ್ಲಿ ಅವರು ಕುಳಿತಿದ್ದರು. ತಲೆಗೆ ಪೇಟ, ಹಣೆಗೆ ಅಡ್ಡ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ಮುಂದೆ ಭಜನೆಯವರು ತಾಳ ಹಾಕುತ್ತಾ ನಡೆದಿದ್ದರು. ಯಾರಿಗೋ ಸನ್ಮಾನ ಎಂದುಕೊಂಡು ಮುಗುಳ್ನಕ್ಕೆ. ಗಾಡಿ ಹತ್ತಿರ ಬಂದಾಗ ಅವರ ಮೂಗಿನಲ್ಲಿದ್ದ ಹತ್ತಿ ಕಾಣಿಸಿತು.

ಬಾಡಿಗೆ ಮನೆಯ ಯಜಮಾನಿ ಪದ್ಮಕ್ಕ ಕಟ್ಟೆಯ ಮೇಲೆ ನಿಂತು ಎಲ್ಲವನ್ನೂ ನೋಡಿದ್ದರು.

"ಯಾರಿಗಿ ನಕ್ಕೀರಿ ಲಿಲ್ಲಿಬಾಯಿ? ಅಂವ ತೀರಿ ಹೋಗ್ಯಾನ."

"ಕೂತಿದ್ದಾರಲ್ಲ ಮಾರಾಯ್ರೆ!"

"ಲಿಂಗಾಯತ್ರು ಕುಂತ ಹೋಗತಾರ. ನಮ್ಮ ಜೈನರೊಳಗ ಸುಡತೀವಿ. ನಿಮ್ಮ ಮಂದಿ ಮಲಗತೀರಿ. ಎಲ್ಲಾರೂ ಹೋಗೂದಂತೂ ಖರೇ. ಒಳಗ ಬರ್ರಿ, ಚಾ ಆರತೈತಿ."

ನಾನು ಕುಂದಾಪುರದ ಕಡೆಯ ಕಡಲತೀರದ ಊರಿನವಳು. ಮನೆಮಾತು ಕೊಂಕಣಿ, ಕಸುಬು ನರ್ಸು. ಊರಿನ ಸಣ್ಣ ಆಸ್ಪತ್ರೆ ಮುಚ್ಚಿದಾಗ ಬೆಳಗಾವಿಯ ಪೀರನವಾಡಿಯಲ್ಲಿ ಯಾರೂ ದಿಕ್ಕಿಲ್ಲದ ರೋಗಿಗಳನ್ನು ನೋಡಿಕೊಳ್ಳುವ ಒಂದು ಮನೆಗೆ ಕೈ ಬೇಕಾಗಿದೆ ಎಂದು ತಿಳಿಯಿತು. ಕ್ರಿಸ್ತನನ್ನು ನಂಬುತ್ತೇನೆ ಎಂದು ಪ್ರತಿ ಭಾನುವಾರ ಹೇಳುವವಳು, ಅದರ ಅರ್ಥವೇನೆಂದು ಒಮ್ಮೆ ನೋಡಿಬಿಡೋಣ ಎಂದು ಹೊರಟೆ. ಕನ್ನಡ ನಾಡೇ ತಾನೆ, ಭಾಷೆಯ ತೊಂದರೆ ಇಲ್ಲ ಎಂದು ಭಾವಿಸಿದ್ದೆ. ಬಂದ ಮೇಲೆ ಒಬ್ಬ ರೋಗಿ "ಬಾಜೂಕ ಸರೀರಿ" ಎಂದರೆ ಪಕ್ಕಕ್ಕೆ ಸರಿಯಬೇಕೆಂದು ತಿಳಿಯಲೂ ಹೊತ್ತು ಹಿಡಿಯಿತು. ಖಾನಾಪುರದ ಕಡೆಯವರು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಾರೆ. ಅಲ್ಲಿಯ ಕ್ರೈಸ್ತರ ಕೊಂಕಣಿಯೂ ನನ್ನದಲ್ಲ.

ಮನೆ ಸಿಕ್ಕಿದ್ದು ಪದ್ಮಕ್ಕನ ಮಾಳಿಗೆಯ ಮೇಲೆ. "ಏನರ ಮಾಡಕೋರಿ, ಮೀನ ಮಾತ್ರ ತರಬ್ಯಾಡ್ರಿ. ವಾಸ್ನಿ ಗ್ವಾಡಿಗಿ ಹತ್ತತೈತಿ" ಎಂದಿದ್ದರು. ಊರಿನಲ್ಲಿ ಮೀನಿಲ್ಲದ ಊಟಕ್ಕೆ ನಮ್ಮಮ್ಮ ಉಪವಾಸ ಎನ್ನುತ್ತಿದ್ದಳು. ಇಲ್ಲಿ ವರ್ಷಪೂರ್ತಿ ಉಪವಾಸದ ಕಾಲ. ಕುಚ್ಚಲಕ್ಕಿ ಗಂಜಿಯ ಬದಲು ಜೋಳದ ರೊಟ್ಟಿ. ಅದನ್ನು ಅಗಿದು ದವಡೆ ನೋಯುತ್ತಿತ್ತು. ಕಡಲ ಸದ್ದಿಲ್ಲದೆ ಮೊದಲ ತಿಂಗಳು ನಿದ್ದೆಯೂ ಸರಿಯಾಗಿ ಬರಲಿಲ್ಲ.

ಪೀರನವಾಡಿಯ ಮನೆಯನ್ನು ನಡೆಸುವವರು ಸಿಸ್ಟರ್ ಮರೀನಾ. ಖಾನಾಪುರದ ಹಳ್ಳಿಯೊಂದರವರು, ದಣಿದ, ಒಳ್ಳೆಯ ಹೆಂಗಸು. ಸೇವೆ ಎಂದರೆ ನಾನು ಊರಿನಲ್ಲಿ ಏನೇನೋ ಕಲ್ಪಿಸಿಕೊಂಡಿದ್ದೆ. ಇಲ್ಲಿ ಅದು ಹೊಲಸಾದ ಹಾಸಿಗೆ ಬದಲಿಸುವುದು, ಹುಣ್ಣು ತೊಳೆಯುವುದು, ಬೈಸಿಕೊಳ್ಳುವುದು, ಮರುದಿನ ಮತ್ತೆ ಅದನ್ನೇ ಮಾಡುವುದು. ಕೆಲವು ದಿನ ಪ್ರಾರ್ಥನೆಗೆ ಕುಳಿತರೆ ತೂಕಡಿಕೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ.

ನಿಂಗವ್ವ ನಾನು ಬರುವುದಕ್ಕೂ ಮೊದಲೇ ಅಲ್ಲಿದ್ದವಳು. ಪಾರಿಶ್ವಾಡದ ರೈತರ ಮನೆಯ ಲಿಂಗಾಯತ ಹೆಂಗಸು. ಕುಷ್ಠ ಬಂದಾಗ ಮನೆಯವರು ಹೊರಗೆ ಹಾಕಿದ್ದರು. ರೋಗ ಔಷಧಕ್ಕೆ ಎಂದೋ ವಾಸಿಯಾಗಿತ್ತು, ಆದರೆ ಬೆರಳುಗಳು ಹೋಗಿದ್ದವು, ಮನೆಗೆ ಮರಳುವ ದಾರಿಯೂ ಹೋಗಿತ್ತು. ಬೆಳಗಾವಿಯ ಬಸ್ ಸ್ಟ್ಯಾಂಡಿನಲ್ಲಿ ಬಹಳ ವರ್ಷ ಕಳೆದಿದ್ದಳು. ಈಗ ಹೃದಯ ಸೋಲುತ್ತಿತ್ತು. ಕೊರಳಲ್ಲಿ ಮಾತ್ರ ಬಟ್ಟೆಯಲ್ಲಿ ಸುತ್ತಿದ ಇಷ್ಟಲಿಂಗ ಹಾಗೇ ಇತ್ತು. ದಿನಾ ಮೈ ತೊಳೆಸಿದ ಮೇಲೆ ಅದನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡಬೇಕು. ಬೆರಳಿಲ್ಲದ ಅಂಗೈಯಿಂದ ಲಿಂಗ ಜಾರುತ್ತಿತ್ತು. ಅದಕ್ಕಾಗಿ ನಾನು ಅವಳ ಕೈಯ ಕೆಳಗೆ ನನ್ನ ಕೈ ಹಿಡಿಯುತ್ತಿದ್ದೆ. ಅಷ್ಟು ಹೊತ್ತು ಅವಳು ಬೈಯುತ್ತಿರಲಿಲ್ಲ.

ಒಂದು ದಿನ ಕಾಲಿನ ಪಟ್ಟಿ ಕಟ್ಟುವಾಗ ಕೇಳಿದಳು: "ನಾ ಸತ್ರ ಏನ್ ಮಾಡತೀರಿ ಅಕ್ಕಾರ?"

"ಸುಮ್ಮನಿರಿ ನಿಂಗವ್ವ."

"ನನ್ನ ಮಲಗಸಬ್ಯಾಡ್ರಿ. ಕುಂದ್ರಸ್ರಿ. ಬಸ್ ಸ್ಟ್ಯಾಂಡಿನ್ಯಾಗ ರಗಡ ಮಲಗೇನಿ. ಹೋಗೂ ಮುಂದ ಕುಂತ ಹೋಗಾಕಿ."

ಆಯಿತು ಎಂದೆ. ಹೇಳಿದ ಮೇಲೆ ತೊಡಕು ಗೊತ್ತಾಯಿತು. ನಮ್ಮಲ್ಲಿ ತೀರಿಕೊಂಡವರಿಗೆ ಖಾನಾಪುರದ ಕ್ರೈಸ್ತ ಸ್ಮಶಾನದ ಒಂದು ಬದಿ ಕೊಟ್ಟಿದ್ದರು. ದೀಕ್ಷಾಸ್ನಾನ ಆಗಿ ಕ್ರೈಸ್ತರಾಗದವರನ್ನು, ಅದೂ ಲಿಂಗ ಕಟ್ಟಿ, ಕೂರಿಸಿ ಹೂಳಲು ಅಲ್ಲಿಯ ಹಿರಿಯರು ಒಪ್ಪುವಂತಿರಲಿಲ್ಲ. ಸಿಸ್ಟರ್ ಮರೀನಾ ಸಂಜೆ ನನ್ನನ್ನು ಅಡುಗೆಮನೆಗೆ ಕರೆದರು.

"ಎರಡ ಹನಿ ನೀರ, ಲಿಲ್ಲಿ. ಸಾಯೋ ಮುಂದ ಯಾರರ ಹಾಕಬಹುದು, ನಿನಗೂ ಗೊತ್ತೈತಿ. ಜಾಗದ ಚಿಂತಿ ಮುಗೀತದ."

ಗೊತ್ತಿತ್ತು. ಸಾಯುವವರ ಹಣೆಗೆ ನೀರು ಹಾಕಿ ದೀಕ್ಷಾಸ್ನಾನ ಕೊಡುವಾಗ ಹೇಳಬೇಕಾದ ಮಾತನ್ನು ನಾವು ಚಿಕ್ಕಂದಿನಲ್ಲೇ ಕಲಿತವರು. ಸಿಸ್ಟರ್‌ಗೆ ಮೋಸ ಮಾಡುವ ಮನಸ್ಸಿರಲಿಲ್ಲ. ಹೆಣ ಇಟ್ಟುಕೊಂಡು ಜಾಗಕ್ಕಾಗಿ ಊರೂರು ಅಲೆದ ಅನುಭವ ಅವರಿಗಿತ್ತು, ನನಗಿರಲಿಲ್ಲ.

"ಅವಳನ್ನೇ ಕೇಳ್ತೇನೆ" ಎಂದೆ.

ನಿಂಗವ್ವ ಕಣ್ಣು ಮುಚ್ಚಿಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಳು.

"ನೀರ ಹಾಕಿದ್ರ ಕುಂದ್ರಸ್ತಾರೇನ್ರಿ?"

"ಇಲ್ಲ. ಮಲಗಿಸ್ತಾರೆ."

"ಹಂಗಾರ ಆ ನೀರ ಕುಡ್ಯಾಕ ಕೊಡ್ರಿ."

ಸಿಸ್ಟರ್ ಮರೀನಾ ನಕ್ಕುಬಿಟ್ಟರು. ನಗುತ್ತಲೇ ಲೋಟ ತಂದು ಕುಡಿಸಿದರು. ಆಮೇಲೆ ಆ ಮಾತು ಎತ್ತಲಿಲ್ಲ.

ಉಳಿದದ್ದು ಪಾರಿಶ್ವಾಡ. ಖಾನಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ನಿಂಗವ್ವನ ತಮ್ಮ ಶಿವಪ್ಪ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದರು. ಕುಳಿತುಕೊಳ್ಳಿ ಎನ್ನಲಿಲ್ಲ.

"ಆಕಿ ನಮ್ಮ ಪಾಲಿಗಿ ಎಂದೋ ಹೋದಾಕಿ."

"ಬೇರೇನೂ ಬೇಡ. ನಿಮ್ಮ ಹೊಲದಲ್ಲಿ ಮಣ್ಣಿಗೆ ಜಾಗ ಕೊಡಿ. ಕೂತು ಹೋಗ್ಬೇಕು ಅಂತಾಳೆ."

"ಇಷ್ಟ ವರ್ಷ ಇಟ್ಕೊಂಡು ಕಿರಿಸ್ತಾನ ಮಾಡೀರಿ. ಈಗ ಜಾಗ ನಮ್ದ ಬೇಕೇನ?"

ಅವರು ಹಾಗೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಆ ಎರಡು ಹನಿ ನೀರು ಬಿದ್ದಿದ್ದರೆ ನನ್ನ ಬಳಿ ಉತ್ತರ ಇರುತ್ತಿರಲಿಲ್ಲ. ಅಷ್ಟರಲ್ಲಿ ಶಿವಪ್ಪನ ಹೆಂಡತಿ ನೀಲವ್ವ ಬಾಗಿಲಿಗೆ ಬಂದು ಕೇಳಿದರು: "ಆಕಿ ಕೊರಳಾಗ ಲಿಂಗ ಐತೇನ್ರಿ ಇನ್ನಾ?"

"ಇದೆ. ದಿನಾ ಪೂಜೆ ಮಾಡ್ತಾಳೆ. ಬೆರಳಿಲ್ಲದೆ ಜಾರ್ತದೆ, ನಾನು ಕೆಳಗೆ ಕೈ ಹಿಡೀತೇನೆ."

ಶಿವಪ್ಪ ಹಗ್ಗ ಹೊಸೆಯುವುದನ್ನು ನಿಲ್ಲಿಸಿ, ಮತ್ತೆ ಹೊಸೆದರು. "ನೋಡೂಣು" ಎಂದರು. ಅದು ಹೌದೋ ಅಲ್ಲವೋ ತಿಳಿಯದೆ ವಾಪಸು ಬಸ್ಸು ಹತ್ತಿದೆ. ನಮ್ಮೂರಿನವರು ಇಲ್ಲ ಎನ್ನುವುದಿದ್ದರೆ ಅರ್ಧ ಗಂಟೆ ಮಾತಾಡುತ್ತಾರೆ. ಇಲ್ಲಿಯವರ ಒಂದು ಮಾತನ್ನು ಅಳೆಯಲು ನನಗೆ ಇನ್ನೂ ಬರುತ್ತಿರಲಿಲ್ಲ.

ಕೆಲವು ದಿನಗಳ ನಂತರ, ಬೆಳಿಗ್ಗೆ ಮೈ ತೊಳೆಸುವಾಗ, ನಿಂಗವ್ವ ಹೋದಳು. ನನ್ನ ಕೈ ಅಭ್ಯಾಸಬಲದಿಂದ ಅವಳ ಕಾಲುಗಳನ್ನು ನೇರ ಮಾಡಿತು. ಸಿಸ್ಟರ್ ಮರೀನಾ ನನ್ನ ಮುಂಗೈ ಹಿಡಿದರು.

"ಮಡಚು, ಲಿಲ್ಲಿ. ಲಗೂನ. ಆಮ್ಯಾಲ ಮಡಚೂದಿಲ್ಲ."

ಇಬ್ಬರೂ ಸೇರಿ ಅವಳನ್ನು ಚಕ್ಕಳಮಕ್ಕಳ ಹಾಕಿಸಿ ಗೋಡೆಗೆ ಒರಗಿಸಿದೆವು. ಹಳೆಯ ಸೀರೆಯೊಂದರಿಂದ ಎದೆಯನ್ನು ಕಿಟಕಿಯ ಸರಳಿಗೆ ಕಟ್ಟಿದೆವು. ಗೋಡೆಯ ಮೇಲೆ ಶಿಲುಬೆ ಇತ್ತು. ಅದನ್ನು ತೆಗೆಯಬೇಕೇ ಎಂದು ನಾನು ಕೇಳಿದೆ. "ಇರಲಿ ಬಿಡು, ಆಂವೇನು ಬ್ಯಾಡ ಅಂತಾನೇನು?" ಎಂದರು ಸಿಸ್ಟರ್.

ಶಿವಪ್ಪನಿಗೆ ಫೋನು ಮಾಡಿದೆ. ಸುದ್ದಿ ಕೇಳಿದವರೇ ಇಟ್ಟುಬಿಟ್ಟರು. ಮಧ್ಯಾಹ್ನದವರೆಗೂ ನಾನು ಕೋಣೆಯಲ್ಲೇ ಕುಳಿತೆ. ಅವರು ಬಾರದಿದ್ದರೆ ಕಟ್ಟು ಬಿಚ್ಚಿ, ಬಿಗಿದ ಕಾಲುಗಳನ್ನು ಒತ್ತಿ ನೇರ ಮಾಡಬೇಕಾಗುತ್ತಿತ್ತು. ಹಾಗಾದರೂ ಜಾಗ ಸಿಗುತ್ತಿತ್ತೆಂದಲ್ಲ. ಆ ಕೆಲಸ ನನ್ನ ಕೈಯಿಂದಲೇ ಆಗಬೇಕಿತ್ತು. ನಾನು ಅದಕ್ಕೆ ಮಾತ್ರ ಹೆದರಿದ್ದೆ.

ಟ್ರ್ಯಾಕ್ಟರಿನ ಸದ್ದು ಕೇಳಿಸಿತು. ಶಿವಪ್ಪ ಬಾಗಿಲಲ್ಲೇ ನಿಂತು ಅಕ್ಕನನ್ನು ನೋಡಿದರು. "ತೋರಸ್ರಿ" ಎಂದರು. ನಾನು ಕೊರಳಿನ ಬಟ್ಟೆ ಬಿಚ್ಚಿ ಲಿಂಗ ತೋರಿಸಿದೆ. ಅವರು ಹೆಗಲ ಟವೆಲಿನಿಂದ ಬಾಯಿ ಮುಚ್ಚಿಕೊಂಡರು. ಮುಟ್ಟಲಿಲ್ಲ.

"ನೀವ ಹಿಡಕೋರಿ" ಎಂದರು.

ಹೀಗೆ ಪೀರನವಾಡಿಯಿಂದ ಪಾರಿಶ್ವಾಡದವರೆಗೆ ಟ್ರ್ಯಾಕ್ಟರಿನ ಹಿಂದಿನ ಡಬ್ಬಿಯಲ್ಲಿ ನಾನು ನಿಂಗವ್ವನ ಸೊಂಟ ಬಳಸಿ ಕುಳಿತೆ. ರಸ್ತೆ ಕುಲುಕಿದಾಗಲೆಲ್ಲ ಅವಳ ತಲೆ ನನ್ನ ಭುಜಕ್ಕೆ ಬರುತ್ತಿತ್ತು. ನನಗೆ ಕೊಂಕಣಿಯ 'ನಮಾನ್ ಮರಿಯೆ' ಬಿಟ್ಟು ಬೇರೆ ಪ್ರಾರ್ಥನೆ ಬಾಯಿಗೆ ಬರಲಿಲ್ಲ. ಅದನ್ನೇ ಹೇಳಿಕೊಂಡೆ. ತೋಳು ಸೋತು, ಆಮೇಲೆ ಮರಗಟ್ಟಿತು.

ಹೊಲದ ಮೂಲೆಯಲ್ಲಿ ಚೌಕದ ಗುಂಡಿ ತೋಡಿದ್ದರು. ಒಳಗೆ ಕೂರಿಸಲು ಒಂದು ಗೂಡು. ಪೂಜೆ ಮಾಡಿಸುವ ಅಯ್ಯನವರು "ಇಳಸ್ರಿ" ಎಂದರು. ಯಾರೂ ಮುಂದೆ ಬರಲಿಲ್ಲ. ಕುಷ್ಠದ ಹೆದರಿಕೆ ಇನ್ನೂ ಊರಿನಲ್ಲಿತ್ತು. ಆಗ ನೀಲವ್ವ ಸೀರೆಯ ನೆರಿಗೆ ಎತ್ತಿ ಕಟ್ಟಿದರು.

"ಗಂಡಸರು ನಿಂತ ನೋಡ್ರಿ, ಮಜಾ ಐತಿ" ಎಂದು ಗುಂಡಿಗೆ ಇಳಿದರು. ನಾನು ಮೇಲಿನಿಂದ ಕೊಟ್ಟೆ, ಅವರು ತಬ್ಬಿ ಹಿಡಿದುಕೊಂಡರು. ಅದನ್ನು ನೋಡಿ ಶಿವಪ್ಪನೂ ಇಳಿದರು. ಅಂಗೈಯಲ್ಲಿ ಲಿಂಗ ಇಟ್ಟಾಗ ಈ ಸಲ ಕೆಳಗೆ ಹಿಡಿದದ್ದು ತಮ್ಮನ ಕೈ. ಉಪ್ಪು, ವಿಭೂತಿ, ಬಿಲ್ವಪತ್ರೆ, ಮಣ್ಣು.

ಎಲ್ಲ ಮುಗಿದ ಮೇಲೆ ನೀಲವ್ವ ಕೈಕಾಲಿಗೆ ನೀರು ಹಾಕಿದರು, ಕಟ್ಟೆಯ ಮೇಲೆ ಕೂರಿಸಿ ಊಟ ಕೊಟ್ಟರು. ಒಳಗೆ ಕರೆಯಲಿಲ್ಲ. ಇದನ್ನೂ ಬರೆಯಬೇಕು, ನಡೆದದ್ದು ಹಾಗೆ.

ನವೆಂಬರಿನಲ್ಲಿ ನಮ್ಮವರು ಸತ್ತವರ ಹಬ್ಬ ಮಾಡುತ್ತಾರೆ, ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುತ್ತಾರೆ. ಈ ವರ್ಷ ರಜೆ ಸಿಗಲಿಲ್ಲ. ಊರಿಗೆ ಹೋಗಲಾಗದವಳು ಒಂದು ಮೇಣದಬತ್ತಿ ಚೀಲದಲ್ಲಿಟ್ಟುಕೊಂಡು ಪಾರಿಶ್ವಾಡಕ್ಕೆ ಹೋದೆ. ಹೊಲದಲ್ಲಿ ಕಡಲೆ ಬಿತ್ತಿದ್ದರು, ಮೂಲೆಯವರೆಗೂ. ನೀಲವ್ವ ಬದುವಿನ ಮೇಲೆ ನಿಂತು ಕೈ ತೋರಿಸಿದರು.

"ಅಲ್ಲೆ ಎಲ್ಲೋ ಅದಾಳ್ರಿ ನಮ್ಮ ನಾದ್ನಿ. ಕಾಯಿ ತಂದೀರೇನು?"

"ಇಲ್ಲ. ಮೇಣದಬತ್ತಿ."

"ಅದನ್ನ ನಮ್ಮೊಳಗ ಹಚ್ಚಂಗಿಲ್ಲಲ್ರಿ" ಎಂದರು, ಬೇಸರವಿಲ್ಲದೆ. ಆಮೇಲೆ ಒಂದು ಚೀಲ ಹಸಿ ಕಡಲೆ ಸೊಪ್ಪು ಕಿತ್ತು ಕೊಟ್ಟರು.

ವಾಪಸು ಬರುವಾಗ ಖಾನಾಪುರದ ಬಸ್ಸಿನಲ್ಲಿ ತಂಗಿಯ ಫೋನು ಬಂತು. ಹಿಂದೆ ಚರ್ಚಿನ ಗಂಟೆ, ಅದರ ಹಿಂದೆ ಕಡಲು. "ಅಮ್ಮನ ಸಮಾಧಿಗೆ ನಿನ್ನ ಹೆಸರಲ್ಲೂ ಒಂದು ಹಚ್ಚಿದ್ದೇನೆ" ಎಂದಳು. "ನೀನು ಎಲ್ಲಿದ್ದೀ?"

ಮನೆಗೆ ಹೋಗುತ್ತಿದ್ದೇನೆ ಎಂದೆ. ಯಾವ ಮನೆಗೆ ಎಂದು ಅವಳು ಕೇಳಲಿಲ್ಲ.