ಬೀಗರಿಗೆ ಬಡಿಸಿದ ಆನೆ

ಊಟಕ್ಕೆ ಕುಳಿತವರು ಸಾಕೆಂದು ಎಲೆಯ ಮೇಲೆ ಅಂಗೈ ಅಡ್ಡ ಹಿಡಿಯುವುದರಲ್ಲಿ ಎರಡು ಬಗೆಯಿರುವುದನ್ನು ನೀವೂ ಗಮನಿಸಿರಬಹುದು. ಬೆರಳು ಬಿಗಿದು ಹಿಡಿದರೆ ನಿಜವಾಗಿಯೂ ಸಾಕು. ನಡುವೆ ತುಸು ಸಂದಿಯಿದ್ದರೆ ಇನ್ನೊಂದು ಹೋಳಿಗೆಗೆ ಅವಕಾಶವಿದೆ. ಅಕ್ಕಿಆಲೂರಿನ ನಮ್ಮ ಪಡಸಾಲೆಯಲ್ಲಿ ಬಡಿಸಿ ಬಡಿಸಿ ನಾನು ಸಂಪಾದಿಸಿದ ಪಾಂಡಿತ್ಯ ಇಷ್ಟೇ. ಅದು ಚದುರಂಗಕ್ಕೂ ಒದಗೀತೆಂದು ಎಣಿಸಿರಲಿಲ್ಲ.

ಮಗಳು ಶೈಲಾ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಮೂರು ತಿಂಗಳು ತುಂಬುತ್ತಲೇ ದುಂಡಸಿಯಿಂದ ಅವಳ ಮಾವ, ಅಂದರೆ ನಮ್ಮ ಬೀಗರು, ಕರೆದೊಯ್ಯಲು ಬಂದರು. ಐದನೆಯ ತಿಂಗಳಿಗೆ ಕಳಿಸುವುದು ನಮ್ಮ ಮನೆಯ ರೂಢಿ, ಮೂರಕ್ಕೇ ಕರೆಸಿಕೊಳ್ಳುವುದು ಅವರದು. ಬೀಗರ ಮುಖಕ್ಕೆ ನೇರವಾಗಿ ಇಲ್ಲವೆನ್ನುವ ಪದ್ಧತಿ ಮಾತ್ರ ಎರಡೂ ಮನೆಗಳಲ್ಲಿಲ್ಲ. ಹೀಗೆ ಮಳೆ, ಭತ್ತ, ಕೂಸಿನ ನೆಗಡಿ ಎಂದು ಎಲ್ಲರೂ ಸುತ್ತಿ ಬಳಸಿ ಮಾತಾಡುತ್ತಿದ್ದಾಗ ಅವರ ದೃಷ್ಟಿ ಗೂಡಿನಲ್ಲಿದ್ದ ಚದುರಂಗದ ಹಲಗೆಯ ಮೇಲೆ ಬಿತ್ತು.

"ಇದನ್ನ ಯಾರ ಆಡ್ತಾರ್ರೀ?"

"ನಿಮ್ಮ ಬೀಗತಿನ ಆಡ್ತಾಳ್ರಿ. ದಿನಾ ನನ್ನ ಸೋಲಿಸಿದ ಮ್ಯಾಲ ಚಾ ಕೊಡ್ತಾಳ," ಎಂದರು ನಮ್ಮ ಯಜಮಾನರು.

"ಹಂಗಾರ ಬರ್ರಿ ಅಕ್ಕಾರ. ನಾ ಗೆದ್ರ ನಾಳೆ ಮುಂಜಾನಿ ಕರಕೊಂಡು ಹೋಗೋದು. ನೀವು ಗೆದ್ರ ಐದು ತಿಂಗಳ ತುಂಬಲಿ."

ಇಲ್ಲವೆನ್ನುವ ಸಂಕಟವನ್ನು ಮರದ ಕಾಯಿಗಳ ತಲೆಗೆ ಕಟ್ಟುವ ಈ ಉಪಾಯ ನನಗೆ ಬಹಳ ಹಿಡಿಸಿತು. ಉಪಾಯ ಹಿಡಿಸಿತು, ಆಟ ಮಾತ್ರ ಅಂದು ಕೈ ಹಿಡಿಯಲಿಲ್ಲ. ಒಂದು ಕಿವಿಯನ್ನು ತೊಟ್ಟಿಲಿಗೂ ಇನ್ನೊಂದನ್ನು ಒಲೆಯ ಮೇಲಿನ ಹಾಲಿಗೂ ಕೊಟ್ಟು ಕುಳಿತವಳ ಸೈನ್ಯ ಎಷ್ಟು ಹೊತ್ತು ಉಳಿದೀತು? ಸಂಜೆ ದೀಪ ಹಚ್ಚುವ ವೇಳೆಗೆ ನನ್ನ ರಾಜ ಮೂಲೆ ಸೇರಿದ್ದ; ಅವನ ಸುತ್ತಲಿನ ಚೌಕಗಳನ್ನೆಲ್ಲ ಅವರ ಮಂತ್ರಿ ಕಾಯುತ್ತಿದ್ದ. ನನ್ನ ಒಂದೇ ಪ್ಯಾದೆಯ ಎದುರಿಗೆ ಅವರ ಪ್ಯಾದೆ ನಿಂತಿತ್ತು. ಅಲುಗಾಡಬಲ್ಲದ್ದು ಒಂದು ಆನೆ ಮಾತ್ರ.

"ಸಾಕ ಮಾಡ್ರಿ ಅಕ್ಕಾರ, ಶೈಲಾನ ಚೀಲಾ ತುಂಬ್ರಿ," ಎಂದು ಬೀಗರು ನಕ್ಕರು.

ಆಗ ಹೊಳೆಯಿತು: ಆ ಆನೆಯೂ ಹೋಗಿಬಿಟ್ಟರೆ ನನಗೆ ನಡೆಯೇ ಇರುವುದಿಲ್ಲ; ರಾಜನಿಗೆ ಚೆಕ್ ಇಲ್ಲದೆ ನಡೆ ಮುಗಿದರೆ ಆಟ ಸಮ. ಆನೆಯನ್ನು ಒಯ್ದು ಅವರ ರಾಜನ ಪಕ್ಕದಲ್ಲೇ ಇಟ್ಟು ಚೆಕ್ ಅಂದೆ. ಅವರು ಅನುಮಾನದಿಂದ ರಾಜನನ್ನು ಸರಿಸಿದರು. ಮತ್ತೆ ಪಕ್ಕದಲ್ಲಿಟ್ಟೆ. ಮತ್ತೆ ಸರಿಸಿದರು. ಒಲ್ಲೆ ಒಲ್ಲೆ ಎನ್ನುವ ಬೀಗರ ಎಲೆಗೆ ಹೋಳಿಗೆ ಹಾಕುವ ಹಟವೇ ನನ್ನದಾಗಿತ್ತು.

"ಏನ್ ಬೆನ್ನ ಹತ್ತೀರಿ ಅಕ್ಕಾರ!"

"ತಗೋಳ್ರಿ ಬೀಗರ, ಸಂಕೋಚ ಮಾಡಬ್ಯಾಡ್ರಿ."

ಒತ್ತಾಯಕ್ಕೆ ಮಣಿಯುವುದು ಬೀಗರ ಧರ್ಮ. ನಾಲ್ಕನೆಯ ಸಲ ಅವರ ರಾಜ ಆನೆಯನ್ನು ತಿಂದ. ನಾನು ಕೈ ಕಟ್ಟಿ ಕುಳಿತೆ.

"ನಡೀರಿ."

"ಎಲ್ಲಿಗೆ ನಡೀಲ್ರಿ? ಜಾಗಾನ ಇಲ್ಲ."

ಕಟ್ಟಿ ಹಾಕಿದವನೇ ಗೆದ್ದಂತೆ ಎಂದು ಬೀಗರು ವಾದಿಸಿದರು. ಶಾಲೆಯಲ್ಲಿ ಆಡಿ ಬಲ್ಲ ಶೈಲಾ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಂದು ಹಲಗೆ ನೋಡಿದಳು. "ಸಮ ಆತ್ರಿ ಮಾವಾರ," ಎಂದು ತೀರ್ಪು ಕೊಟ್ಟಳು. ಬೀಗರು ಒಪ್ಪಿದರು.

ಸಮವಾದರೆ ಏನೆಂದು ನಾವಿಬ್ಬರೂ ಮಾತಾಡಿಕೊಂಡಿರಲಿಲ್ಲ. ಶೈಲಾ ಕೂಸಿನ ಬೆನ್ನು ತಟ್ಟುತ್ತಲೇ ಅಂದಳು: "ಅವ್ವ, ನಾ ನಾಳೆ ಹೋಗ್ತೇನಿ. ಕೂಸಿನ ಅಪ್ಪಗ ದಿನಾ ಬರೇ ಫೋನಿನ್ಯಾಗ ಇದರ ಮಾರಿ ನೋಡಿ ನೋಡಿ ಸಾಕಾಗೇತಿ. ನನಗೂ ಸಾಕಾಗೇತಿ."

ಇಷ್ಟು ಹೊತ್ತು ಎದುರಿನವರ ನಡೆಗಳನ್ನೇ ಲೆಕ್ಕ ಹಾಕುತ್ತಿದ್ದ ನಾನು ಇವಳ ಮನಸ್ಸನ್ನು ಒಮ್ಮೆಯೂ ಕೇಳಿರಲಿಲ್ಲವೆಂಬುದು ಆಗ ತಿಳಿಯಿತು. ಗೆದ್ದಿದ್ದರೆ ಅವಳು ಬಾಯಿ ಬಿಡುತ್ತಲೂ ಇರಲಿಲ್ಲ; ಅವ್ವ ಗೆದ್ದಳೆಂದು ಸುಮ್ಮನೆ ಎರಡು ತಿಂಗಳು ಕಳೆಯುತ್ತಿದ್ದಳು. ನಾನು ಕಾಯಿಗಳನ್ನು ಡಬ್ಬಿಗೆ ತುಂಬತೊಡಗಿದೆ.

ಬೀಗರು ನನ್ನ ಮುಖ ನೋಡಿದರು. ಉಳಿದ ಕಾಯಿಗಳನ್ನು ತಾವೇ ಒಂದೊಂದಾಗಿ ಎತ್ತಿ ಕೊಟ್ಟರು. "ಸಮ ಆಗೇತಿ ಅಂದ್ರ ಆಟ ಮುಗದಿಲ್ಲ ಅಕ್ಕಾರ. ಇನ್ನೊಂದು ಆಡಾಕ ನೀವ ದುಂಡಸಿಗೆ ಬರಬೇಕು. ಹಲಗಿ ನಮ್ಮಲ್ಲೂ ಐತಿ."

ಮಗಳ ಮನೆಗೆ ಕಾರಣವಿಲ್ಲದೆ ಹೋಗಲು ಹಿಂಜರಿಯುವ ತಾಯಿಗೆ ಇದಕ್ಕಿಂತ ಗಟ್ಟಿ ಕಾರಣ ಬೇಕೆ? ನೋಡೋಣ, ಪುರುಸೊತ್ತಾಗಲಿ ಎಂಬ ಮಾಮೂಲು ಮಾತು ನಾಲಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ಕೇಳಿದೆ:

"ಶಿಗ್ಗಾವಿಗೆ ಬಂದು ಇಳದ್ರ, ಅಲ್ಲಿಂದ ದುಂಡಸಿಗೆ ಮುಂಜಾನಿ ಮೊದಲನೇ ಬಸ್ಸು ಎಷ್ಟಕ್ಕ ಐತ್ರಿ?"